ಅಕ್ಕನ ಗಾಜಿನ ಚೀಲ

ನಮ್ಮ ಅಕ್ಕನ ಎದುರಿಗೆ ಯಾರೂ ಚೀಲ ಮುಚ್ಚಿಟ್ಟುಕೊಂಡು ಹೆಚ್ಚು ಹೊತ್ತು ಕೂರಲಾರರು. ಅವಳೇನೂ ಗದರಿಸುವುದಿಲ್ಲ. ಚೀಲದ ಕಡೆ ಒಮ್ಮೆ ನೋಡುತ್ತಾಳೆ, ಆಮೇಲೆ ನಿಮ್ಮ ಮುಖ ನೋಡುತ್ತಾಳೆ, ಅಷ್ಟೇ. ಕೈ ತಾನಾಗಿ ಜಿಪ್ಪಿಗೆ ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ, ಅಕ್ಕನನ್ನು ಮಾತಾಡಿಸುವ ಮೊದಲೇ, ತನ್ನ ಕೈಚೀಲ ತೆರೆದು ತೋರಿಸಿದ್ದಳು. ಒಳಗೆ ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣವಿತ್ತು. ಅಕ್ಕ ಬಗ್ಗಿ ನೋಡಿ, “ಸರಿ, ಹೋಗಮ್ಮ” ಅಂದಳು. ಆ ‘ಹೋಗಮ್ಮ’ವನ್ನು ನನ್ನ ಹೆಂಡತಿ ಇವತ್ತಿಗೂ ಮರೆತಿಲ್ಲ. ನಮ್ಮಲ್ಲಿ ಜಗಳ ಎಲ್ಲಿಂದಲೇ ಶುರುವಾಗಲಿ, ಕೊನೆಗೆ ಆ ಬಿಸ್ಕತ್ತಿನ ಹತ್ತಿರವೇ ಬಂದು ನಿಲ್ಲುತ್ತದೆ.

ಇದು ಅಕ್ಕನ ಸ್ವಭಾವವಲ್ಲ, ಅವಳ ಉದ್ಯೋಗ. ಫೋನಿನ ಬಿಡಿಭಾಗಗಳನ್ನು ಜೋಡಿಸುವ ಕಾರ್ಖಾನೆಯೊಂದರಲ್ಲಿ ಹೆಂಗಸರ ಗೇಟಿನ ತಪಾಸಣೆ ಅವಳದು. ಅಲ್ಲಿಯ ಸಾಮಾನುಗಳು ಉಗುರಿನಷ್ಟು ಚಿಕ್ಕವು, ಬೆಲೆ ಮಾತ್ರ ಬಂಗಾರದ್ದು. ಆದ್ದರಿಂದ ಕೆಲಸ ಮುಗಿಸಿ ಹೊರಗೆ ಹೋಗುವ ಪ್ರತಿಯೊಬ್ಬಳೂ ಅಕ್ಕನ ಮೇಜಿನ ಮುಂದೆ ನಿಲ್ಲಲೇಬೇಕು. ಅಕ್ಕನ ಕೈಯಲ್ಲಿ ಚೀಲದೊಳಗೆ ಕೆದಕಿ ನೋಡುವ ಒಂದು ಮರದ ಕಡ್ಡಿ. ತಪಾಸಣೆಯವರ ಕೈ ಯಾರ ಚೀಲದೊಳಗೂ ಹೋಗಕೂಡದು ಎಂಬುದು ಅಲ್ಲಿಯ ಕಟ್ಟುನಿಟ್ಟು. ಹಾಗಾಗಿ ಅವಳು ಹೇಳುವುದು ಎರಡೇ ಮಾತು. “ಚೀಲ ತೆಗೀರಿ.” ಅನುಮಾನ ಬಂದರೆ, “ಒಂದೊಂದೇ ಹೊರಗಿಡಿ.” ಏರಿಸದ, ಇಳಿಸದ ಧ್ವನಿ. ಭಾವ ಬದುಕಿದ್ದಾಗ ಅವರೂ ತರಕಾರಿ ತಂದು ಬಾಗಿಲಲ್ಲೇ ಚೀಲ ಅಗಲಿಸಿಕೊಂಡು ನಿಲ್ಲುತ್ತಿದ್ದರು. ಪಾಪ, ಆ ಮನುಷ್ಯ ಒಂದು ಕೊಳೆತ ಟೊಮೆಟೊ ಕೂಡ ಒಳಗೆ ಸಾಗಿಸಲಾಗದೆ ತೀರಿಕೊಂಡರು.

ಆ ಕಾರ್ಖಾನೆಗೆ ಇನ್ನೊಂದು ಕಟ್ಟಳೆ ಇದೆ. ಕೆಲಸದವರೆಲ್ಲ ಒಳಗಿರುವುದು ಹೊರಗೆ ಕಾಣುವಂಥ ಪ್ಲಾಸ್ಟಿಕ್ ಚೀಲವನ್ನೇ ತರಬೇಕು. ತಪಾಸಣೆಯವರಿಗೂ ರಿಯಾಯಿತಿ ಇಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಗಾಜಿನ ಚೀಲ ಎಂದೇ ಹೆಸರು. ಊಟದ ಡಬ್ಬಿ, ಬಾಚಣಿಗೆ, ಕನ್ನಡಕದ ಡಬ್ಬಿ, ಮಂಡಿನೋವಿನ ಮಾತ್ರೆ, ತಗಡಿನ ಮೀನು ನೇತಾಡುವ ಕೀಲಿಗೊಂಚಲು, ಎಲ್ಲವೂ ಮೀನಿನ ತೊಟ್ಟಿಯಲ್ಲಿಟ್ಟ ಹಾಗೆ ಬೀದಿಗೆ ಕಾಣುತ್ತಿದ್ದವು. ಅಕ್ಕನ ಮಂಡಿಯ ಸ್ಥಿತಿ ನಮಗಿಂತ ಮೊದಲು ಅವಳ ಓಣಿಯವರಿಗೆ ಗೊತ್ತಾಗುತ್ತಿತ್ತು. “ನಿನ್ನ ಚೀಲ ನೋಡಿದ್ರೆ ಸಾಕು ಕಣಕ್ಕ, ನಿನ್ನನ್ನ ವಿಚಾರಿಸೋದೇ ಬೇಡ” ಎಂದು ನಾನು ತಮಾಷೆ ಮಾಡುತ್ತಿದ್ದೆ. ನನ್ನ ತಮಾಷೆಗಳಿಗೆ ಒಂದು ಗುಣವಿದೆ. ಮಾಡುವಾಗ ನಗು ಬರುತ್ತದೆ, ಆಮೇಲೆ ನಾನೇ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಏಕೆಂದರೆ ಬಸ್ಸಿನಲ್ಲಿ ಒಬ್ಬರು ನಿಜವಾಗಿಯೂ ಆ ಚೀಲವನ್ನು ಓದುತ್ತಿದ್ದರು.

ಅವರು ಯಾರು, ಎಲ್ಲಿಯವರು, ಅಕ್ಕನಿಗೆ ಗೊತ್ತಿರಲಿಲ್ಲ. ದಿನಾ ಬೆಳಗ್ಗೆ ಅದೇ ಬಸ್ಸಿನ ಅದೇ ಕಿಟಕಿಯ ಪಕ್ಕ ಕೂತಿರುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಚೊಕ್ಕವಾಗಿ ಬಾಚಿದ ತಲೆ, ತೊಡೆಯ ಮೇಲೆ ಜಿಪ್ಪು ಎಳೆದ ಕಪ್ಪು ಚರ್ಮದ ಚೀಲ. ಕಿಟಕಿ ಸೀಟಿನವರು ಎಂದು ನಾವೇ ಹೆಸರಿಟ್ಟೆವು. ಪರಿಚಯವಾದದ್ದು ಒಂದು ಉಪಕಾರದಿಂದ. ಒಂದು ಸಂಜೆ ಅಕ್ಕ ಮನೆಗೆ ಬಂದು ನೋಡಿದರೆ ಕೀಲಿಗೊಂಚಲಿಲ್ಲ. ಬೇರೆ ಕೀಲಿ ನನ್ನ ಹತ್ತಿರ ಇತ್ತು, ಅದಕ್ಕೆಂದು ಬಂದವಳು ಹೊತ್ತಾಯಿತೆಂದು ಅವತ್ತು ನಮ್ಮ ಮನೆಯಲ್ಲೇ ಮಲಗಿದಳು. ಮರುದಿನ ಬಸ್ಸು ಹತ್ತಿದಾಗ ಈ ಮನುಷ್ಯ ಎದ್ದು ನಿಂತು, “ನಿಮ್ಮದೇ ಅಲ್ವಾ? ಸೀಟಿನ ಕೆಳಗೆ ಬಿದ್ದಿತ್ತು. ಮೀನು ನೋಡಿದ ತಕ್ಷಣ ಗೊತ್ತಾಯ್ತು” ಎಂದು ಗೊಂಚಲನ್ನು ಅವಳ ಕೈಗಿಟ್ಟರು. ಇಂಥವರಿಂದಲೇ ಮಳೆ ಬೆಳೆ ಆಗುತ್ತಿರುವುದು ಎಂದು ನಾನು ನನ್ನ ಹೆಂಡತಿಯ ಮುಂದೆ ಭಾಷಣ ಮಾಡಿದೆ. ಬೀಗ ಬದಲಾಯಿಸುವ ಬುದ್ಧಿ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೆ ಹೊಳೆಯದಿರುವುದು ಹೊಸದೇನಲ್ಲ. ಅಕ್ಕನಿಗೂ ಹೊಳೆಯಲಿಲ್ಲ, ಅದೇ ಆಶ್ಚರ್ಯ. ಅವಳು ಜೀವಮಾನವಿಡೀ ಹೊರಗೆ ಹೋಗುವುದನ್ನು ಕಾದವಳು. ಹೋದದ್ದು ವಾಪಸ್ ಬಂದರೆ ಅದನ್ನು ಅನುಮಾನಿಸುವುದು ಅವಳ ಕೆಲಸದಲ್ಲೇ ಇರಲಿಲ್ಲ.

ಆಮೇಲೆ ಆ ಮನುಷ್ಯ ದಿನಕ್ಕೊಂದು ಮಾತಾಡಲು ಶುರು ಮಾಡಿದರು. ಒಂದೇ ಮಾತು, ಅದೂ ಬಹಳ ಮರ್ಯಾದೆಯಿಂದ. ಇವತ್ತು ಡಬ್ಬಿ ಚಿಕ್ಕದು. ಮಾತ್ರೆ ಮುಗಿಯುತ್ತಾ ಬಂತು. ಬಾಚಣಿಗೆ ಹೊಸದು. ಅಕ್ಕ ಮೊದಮೊದಲು ಹೂಂ ಅಂದಳು, ಆಮೇಲೆ ಅದನ್ನೂ ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತಳು. ಇಳಿಯುವಾಗ ಅವರನ್ನು ದಾಟಿಯೇ ಬರಬೇಕಲ್ಲ. ಒಂದು ದಿನ ದಾಟುವಾಗ ಅವರು ಚೀಲ ನೋಡಿ, “ಕನ್ನಡಕ ಮನೇಲೇ ಮರೆತ್ರಾ? ತಂದುಕೊಡೋಕೆ ಮನೇಲಿ ಯಾರೂ ಇಲ್ಲ, ಅಲ್ವಾ?” ಅಂದರಂತೆ.

ಅವತ್ತು ಅಕ್ಕ ಕೆಲಸ ಮುಗಿಸಿದವಳು ನೇರವಾಗಿ ನಮ್ಮ ಮನೆಗೆ ಬಂದಳು. ನೀರು ಕುಡಿದಳು, ಲೋಟ ಕೆಳಗಿಟ್ಟಳು, ಮತ್ತೆ ತೆಗೆದುಕೊಂಡು ಖಾಲಿ ಲೋಟವನ್ನೇ ಕುಡಿದಳು. ನಾನು ಎಂದಿನ ಹಾಗೆ ಏನೋ ಚಟಾಕಿ ಹಾರಿಸಲು ಬಾಯಿ ತೆರೆದವನು ಆ ಲೋಟ ನೋಡಿ ನೀರಿನ ಚೊಂಬು ತರಲು ಎದ್ದೆ.

ಪೊಲೀಸ್ ಠಾಣೆಗೂ ಹೋಗಿಬಂದೆವು. ಅಲ್ಲಿದ್ದವರು ಸಜ್ಜನರೇ. ಆ ಮನುಷ್ಯ ಏನಂದರು ಹೇಳಿ ಎಂದು ಕೇಳಿದರು. ಅಕ್ಕ ಹೇಳಿದಳು. ಡಬ್ಬಿ ಚಿಕ್ಕದು, ಮಾತ್ರೆ ಮುಗಿಯಿತು, ಕನ್ನಡಕ ಮರೆತಿರಾ. ಗಟ್ಟಿಯಾಗಿ ಹೇಳಿದಾಗ ಎಲ್ಲವೂ ನೆಂಟರ ಮಾತಿನ ಹಾಗೆ ಕೇಳಿಸಿತು. ಅದರ ಮೇಲೆ, ಕಳೆದ ಕೀಲಿಯನ್ನು ತಂದುಕೊಟ್ಟವರೂ ಅವರೇ. ಇನ್ನೇನಾದರೂ ಆದರೆ ಬನ್ನಿ ಎಂದು ಕಳಿಸಿದರು. ಆ ‘ಇನ್ನೇನಾದರೂ’ ಎಂಬುದು ಏನು ಎಂದು ಯೋಚಿಸುತ್ತ ಇಬ್ಬರೂ ಮನೆಗೆ ನಡೆದೆವು.

ಸ್ವಲ್ಪ ದಿನ ನಮ್ಮ ಮನೆಯಲ್ಲೇ ಇರು ಅಂದೆ. ಅಕ್ಕ ಒಪ್ಪಲಿಲ್ಲ. ಓಣಿಯ ಕೊನೆಯಲ್ಲಿರುವ ಆ ಎರಡು ಕೋಣೆಯ ಮನೆಯನ್ನು ಅವಳು, ಭಾವ ಸೇರಿ ಗೋಡೆಗೋಡೆಯಾಗಿ ಕಟ್ಟಿದ್ದು. ಮಕ್ಕಳಿಲ್ಲ, ಭಾವನೂ ಹೋದರು, ಉಳಿದದ್ದು ಆ ಬಾಗಿಲೊಂದೇ. ಅದರ ಬೀಗಕ್ಕೂ ಒಂದು ಚಾಳಿ. ಕೀಲಿ ಅರ್ಧ ತಿರುಗಿ ನಿಲ್ಲುತ್ತದೆ, ಕೂದಲೆಳೆಯಷ್ಟು ಹಿಂದಕ್ಕೆಳೆದು ಮತ್ತೆ ತಿರುಗಿಸಬೇಕು. ಆ ಚಾಳಿ ಗೊತ್ತಿದ್ದದ್ದು ಭಾವನಿಗೆ, ಅವಳಿಗೆ, ನನಗೆ.

“ನಿಮ್ಮನೇಲಿ ನನ್ನ ಬಾಚಣಿಗೆ ಇಡೋಕೆ ಜಾಗ ಇದೆ, ನನಗಿಲ್ಲ” ಅಂದಳು. “ಯಾರೋ ನನ್ನ ಚೀಲ ನೋಡಿದ್ರು ಅಂತ ನಾನು ಮನೆ ಬಿಡಬೇಕಾ? ಚೀಲ ಬದಲಾಯಿಸ್ತೀನಿ.”

ಹೀಗೆ ನಾವು ಚೀಲದ ಅಂಗಡಿಗೆ ಹೋದದ್ದು. ಉಪಾಯ ಅವಳದೇ. ದಿನಬಳಕೆಗೆ ಒಂದು ಗಟ್ಟಿ ಕೈಚೀಲ, ಅದರೊಳಗೆ ಗಾಜಿನ ಚೀಲ ಮಡಚಿಟ್ಟುಕೊಳ್ಳುವುದು. ಕಾರ್ಖಾನೆಯ ಹೊರಗಿನ ಶೆಡ್ಡಿನಲ್ಲಿ ಸಾಮಾನನ್ನೆಲ್ಲ ಗಾಜಿನ ಚೀಲಕ್ಕೆ ತುಂಬಿ, ಕೈಚೀಲವನ್ನು ಅಲ್ಲೇ ಬಿಟ್ಟು ಒಳಗೆ ಹೋಗುವುದು.

ಅಂಗಡಿಯವರು ಮಾತಿನ ಮಲ್ಲ. ಬಣ್ಣ ತೋರಿಸಿದರು, ಬಕಲ್ಲು ತೋರಿಸಿದರು, ಇದನ್ನು ಹಿಡಿದರೆ ವಯಸ್ಸು ಕಮ್ಮಿ ಕಾಣುತ್ತೆ ಅಂದರು. ಅಕ್ಕ ಪ್ರತಿಯೊಂದನ್ನೂ ತಲೆಕೆಳಗು ಮಾಡಿ ಒದರಿದಳು, ಒಳಗಿನ ಸುರುಳಿ ಕಾಗದವನ್ನೆಲ್ಲ ಕೌಂಟರಿನ ಮೇಲೆ ಗುಡ್ಡೆ ಹಾಕಿದಳು. ಹೊಲಿಗೆ ಎಳೆದಳು. ಪಟ್ಟಿ ಹಿಡಿದು ಜೋತುಬಿದ್ದಳು. ಕೊನೆಗೆ ತನ್ನ ಕೀಲಿಗೊಂಚಲನ್ನು ಒಳಗೆ ಹಾಕಿ, ಜಿಪ್ಪು ಎಳೆದು, ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ತೆಗೆಯಲು ಹೋದಳು. ಒಂದರಲ್ಲಿ ಗೊಂಚಲು ಅಸ್ತರಿಗೆ ಸಿಕ್ಕಿಕೊಂಡಿತು, ಇನ್ನೊಂದರಲ್ಲಿ ಜೇಬಿನ ಆಳಕ್ಕೆ ಜಾರಿತು. ಅಂಗಡಿಯವರು ನನ್ನ ಕಡೆ ನೋಡಿ ಕಣ್ಣಲ್ಲೇ ‘ಇವರಿಗೇನು’ ಎಂದು ಕೇಳಿದರು. ನಾನು ಐದಾರು ಕೈಚೀಲಗಳನ್ನು ಎರಡೂ ತೋಳಿಗೆ ನೇತುಹಾಕಿಕೊಂಡು ಬಟ್ಟೆ ಒಣಹಾಕಿದ ಕಂಬದಂತೆ ನಿಂತಿದ್ದೆ.

“ಅಮ್ಮ, ಕಣ್ಣು ಮುಚ್ಕೊಂಡು ಯಾಕೆ? ಚೀಲ ನೋಡೋಕಲ್ವಾ ತಗೊಳ್ಳೋದು?” ಅಂದರು ಕೊನೆಗೆ.

“ನೋಡೋರು ಬೇರೆ ಇದ್ದಾರೆ” ಅಂದಳು ಅಕ್ಕ, ಕಣ್ಣು ತೆರೆಯದೆ. “ಬಾಗಿಲ ಮುಂದೆ ನಿಂತು ಹುಡುಕ್ತಾ ಇರಬಾರದು ನಾನು. ಬೆನ್ನು ಹಿಂದೆ ಯಾರಿದ್ದಾರೋ.”

ಅಂಗಡಿಯವರು ಬಣ್ಣದ ಚೀಲಗಳನ್ನೆಲ್ಲ ಪಕ್ಕಕ್ಕೆ ಸರಿಸಿದರು. ಕೌಂಟರಿನ ಅಡಿಯಿಂದ, ಬಹುಶಃ ಯಾರೂ ಕೇಳದೆ ಉಳಿದಿದ್ದ, ಮಣ್ಣಿನ ಬಣ್ಣದ ಒಂದು ಚೀಲ ತೆಗೆದರು. ಅಂದವಿಲ್ಲ, ಚಂದವಿಲ್ಲ. ಹೊರಮೈಗೆ ಅಂಟಿಕೊಂಡಂತೆ ಒಂದು ಚಿಕ್ಕ ಜೇಬು. ಅಕ್ಕನ ಬೆರಳು ಒಳಗೆ ಹೋಗಿ ಮೀನನ್ನು ಹಿಡಿದು ಹೊರಗೆ ಬಂತು. “ಇದು” ಅಂದಳು.

ಆ ಚೀಲ ಬಸ್ಸು ಹತ್ತಿದ ಮೊದಲ ದಿನಗಳಲ್ಲಿ ಕಿಟಕಿ ಸೀಟಿನವರು ತುಟಿ ಬಿಚ್ಚಲಿಲ್ಲ. ಚೀಲವನ್ನು ನೋಡಿದರು, ಅಷ್ಟೇ. ಅಕ್ಕನಿಗೆ ಉಸಿರು ಸ್ವಲ್ಪ ಸಡಿಲವಾಯಿತು. ಆಮೇಲೆ ಒಂದು ಬೆಳಗ್ಗೆ, ಅವಳು ದಾಟುವಾಗ, ಮೆಲ್ಲಗೆ, ಬೇಸರಪಟ್ಟುಕೊಂಡವರ ಹಾಗೆ ಕೇಳಿದರು: “ಚೀಲ ಬದಲಾಯ್ತಲ್ಲ. ನನ್ನಿಂದ ಏನಾದ್ರೂ ತಪ್ಪಾಯ್ತಾ?”

ಅಕ್ಕ ಅದನ್ನು ನನಗೆ ಹೇಳಿದ್ದು ನಮ್ಮ ಅಡುಗೆಮನೆಯಲ್ಲಿ. ಮಣ್ಣಿನ ಬಣ್ಣದ ಚೀಲ ಮೇಜಿನ ಮೇಲಿತ್ತು. ಅದನ್ನು ಯಾವುದೋ ಸತ್ತ ಪ್ರಾಣಿಯೆಂಬಂತೆ ಮೂವರೂ ನೋಡುತ್ತ ಕೂತಿದ್ದೆವು.

“ನನಗೆ ಹೆದರಿಕೆ ಆಗಿದೆ ಅಂತ ನಾನೇ ಹೇಳಿಕೊಟ್ಟ ಹಾಗಾಯ್ತು” ಅಂದಳು. “ಮುಚ್ಚಿದ್ದು ಕಂಡ್ರೆ ನಾನು ಏನು ಮಾಡ್ತೀನಿ? ಒಳಗೆ ಏನೋ ಇದೆ ಅಂತ್ಲೇ ತಿಳ್ಕೋತೀನಿ. ಅವನೂ ಹಾಗೇ ತಿಳ್ಕೊಂಡ.”

ಆ ಮನುಷ್ಯ ‘ಅವರು’ ಹೋಗಿ ‘ಅವನು’ ಆದದ್ದು ಆ ಸಂಜೆ.

ಆಗ ನನ್ನ ಹೆಂಡತಿ ಬಾಯಿ ತೆರೆದಳು. ಬಿಸ್ಕತ್ತಿನ ಪೊಟ್ಟಣದ ನಂತರ ಅಕ್ಕನಿಗೆ ಅವಳು ಮನಸಾರೆ ಸಲಹೆ ಕೊಟ್ಟದ್ದು ಅದೇ ಮೊದಲು. ಅವನು ಓದುವುದಾದರೆ ಓದಲಿ ಬಿಡಿ, ನಾವೇ ಬರೆದು ಕೊಡೋಣ ಅಂದಳು. ಅಕ್ಕ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅವಳ ತಲೆಯನ್ನೇ ತಪಾಸಣೆ ಮಾಡಿ, ಇಷ್ಟು ದಿನ ಇದು ಹೇಗೆ ತಪ್ಪಿಹೋಯಿತು ಎಂದುಕೊಂಡಂತಿತ್ತು.

ಮರುದಿನದಿಂದ ಗಾಜಿನ ಚೀಲ ಮತ್ತೆ ಹೊರಬಿತ್ತು, ಆದರೆ ಅದರ ಸಂಸಾರ ಬೆಳೆದಿತ್ತು. ಒಂದು ದಿನ ಗಂಡಸರ ಕ್ಷೌರದ ಸಾಮಾನು, ರಿಪೇರಿಗೆ ಒಯ್ಯುವ ಹಾಗೆ ದೊಡ್ಡ ಅಳತೆಯ ಒಂದು ಬೆಲ್ಟು. ಇನ್ನೊಂದು ದಿನ ನಾಯಿಯ ಕತ್ತಿನ ಪಟ್ಟಿ, ಸರಪಳಿ. ಪಟ್ಟಿಯನ್ನು ಕೊಳ್ಳಲು ನನ್ನನ್ನು ಕಳಿಸಿದ್ದರು. ಅಂಗಡಿಯಲ್ಲಿ ನಾಯಿಯ ಕತ್ತಿನ ಅಳತೆ ಕೇಳಿದಾಗ ನಾನು ತಬ್ಬಿಬ್ಬಾಗಿ ನನ್ನ ಕತ್ತನ್ನೇ ಮುಟ್ಟಿ ತೋರಿಸಿದೆ. ಅದು ದೊಡ್ಡದೇ ಬಂತು, ಒಳ್ಳೆಯದಾಯಿತು. ಮನೆಯ ಮುಂದೆ ನನ್ನ ಹಳೆಯ ಅಂಗಿ ಹಗ್ಗದ ಮೇಲೆ, ನನ್ನ ಸವೆದ ಚಪ್ಪಲಿ ಬಾಗಿಲ ಪಕ್ಕ, ಮೂತಿ ಗೋಡೆಗೆ ತಾಗಿದಂತೆ. ಇಡುವುದನ್ನು ಅಕ್ಕನೇ ಇಟ್ಟಳು. ಅವಳು ಇಟ್ಟ ವಸ್ತು ಅಂಗುಲ ಆಚೀಚೆ ಆಗುವುದಿಲ್ಲ. ಇಲ್ಲದ ಗಂಡಸಿಗೆ, ಇಲ್ಲದ ನಾಯಿಗೆ ಮನೆ ಹೂಡುವುದರಲ್ಲಿ ನಾವು ಮೂವರೂ ಒಂದಿಷ್ಟು ನಕ್ಕೆವು ಕೂಡ. ನನ್ನ ಹೆಂಡತಿ ನನ್ನ ಚಪ್ಪಲಿ ನೋಡಿ, ಮನೆಯಲ್ಲಿ ಇರುವುದಕ್ಕಿಂತ ಇಲ್ಲದಿರುವಾಗಲೇ ನೀವು ಹೆಚ್ಚು ಉಪಯೋಗಕ್ಕೆ ಬರುತ್ತೀರಿ ಅಂದಳು.

ಕಿಟಕಿ ಸೀಟಿನವನು ಚೀಲ ನೋಡುತ್ತಿದ್ದ. ಬೆಲ್ಟು ನೋಡಿದ, ಪಟ್ಟಿ ನೋಡಿದ. ಮಾತಿಲ್ಲ. ಅಕ್ಕ ಗೆದ್ದೆವು ಅಂದುಕೊಂಡಳು. ರಾತ್ರಿ ಒಳಗಿನ ಚಿಲಕ ಹಾಕಿ ಮಲಗುತ್ತಿದ್ದಳು. ಹಗಲು ಕೆಲಸಕ್ಕೆ ಹೋದಾಗ ಬಾಗಿಲಿಗೆ ಇದ್ದದ್ದು ಹೊರಗಿನ ಬೀಗ ಮಾತ್ರ.

ಆಮೇಲಿನದನ್ನು ಅಕ್ಕ ಹೇಳಿದ್ದಷ್ಟೇ ಅಲ್ಲ, ಬಸ್ಸಿನ ಕಂಡಕ್ಟರ್ ಕೂಡ ನನಗೆ ಹೇಳಿದ್ದಾರೆ. ಬಸ್ಸು ತುಂಬಿತ್ತು. ಅಕ್ಕ ಇಳಿಯಲು ಎದ್ದು ಮುಂದೆ ಬರುತ್ತಿದ್ದಳು. ಅವನು ಗಾಜಿನ ಚೀಲದಲ್ಲಿ ಸುರುಳಿ ಸುತ್ತಿದ್ದ ಸರಪಳಿಯನ್ನು ನೋಡಿ, ತಲೆಯೆತ್ತಿ, ಮುಗುಳ್ನಕ್ಕ.

“ನಿಮ್ಮ ನಾಯಿ ಬೊಗಳೋದೇ ಇಲ್ವಲ್ಲ.”

ಅಕ್ಕ ನಿಂತಳು. ಬೊಗಳುವುದಿಲ್ಲ ಎಂದು ಹೇಳಬೇಕಾದರೆ ಬಾಗಿಲ ಹತ್ತಿರ ನಿಂತು ಕೇಳಿರಬೇಕು. ಅವಳ ಇಳಿಯುವ ಜಾಗ ಬಂತು. ಅವಳು ಇಳಿಯಲಿಲ್ಲ. ಬಸ್ಸು ಮತ್ತೆ ಹೊರಟಿತು. ಅವನ ತೊಡೆಯ ಮೇಲಿದ್ದ ಕಪ್ಪು ಚೀಲವನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

“ಚೀಲ ತೆಗೀರಿ.”

ಏರಿಸಲಿಲ್ಲ, ಇಳಿಸಲಿಲ್ಲ. ಆ ಧ್ವನಿ ಕೇಳಿ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ತನ್ನ ಚೀಲದ ಜಿಪ್ಪು ಎಳೆದಳಂತೆ, ಸಂಬಂಧವಿಲ್ಲದೆ. ಅವನ ಕೈಯೂ ಹೋಯಿತು. ಯಾಕೆ ಹೋಯಿತು ಎಂದು ಅವನಿಗೇ ತಿಳಿದಿರಲಾರದು. ಜಿಪ್ಪು ತೆರೆದ ಮೇಲೆ ಅವನು ತನ್ನ ಕೈಯನ್ನೇ ನೋಡಿಕೊಂಡ.

“ಒಂದೊಂದೇ ಹೊರಗಿಡಿ.”

ಮಡಚಿದ ಪತ್ರಿಕೆ ಬಂತು. ಕೊಡೆ ಬಂತು. ಕಬ್ಬಿಣ ಉಜ್ಜುವ ಒಂದು ಸಣ್ಣ ಅರ ಬಂತು, ಬಟ್ಟೆಯಲ್ಲಿ ಸುತ್ತಿದ್ದು. ಆಮೇಲೆ ಕೈ ಒಳಗೇ ಉಳಿಯಿತು. ಅಕ್ಕ ಕಾದಳು. ಅವಳಿಗೆ ಕಾಯುವುದು ಗೊತ್ತು. ಒಳಗೇ ಉಳಿಯುವ ಕೈಗಳನ್ನು ಅವಳು ದಿನಾ ನೋಡುತ್ತಾಳೆ. ಕೊನೆಗೆ ಬಂದದ್ದು ಒಂದು ಕೀಲಿ. ಹೊಸದು, ಹಳದಿ ಹಿತ್ತಾಳೆಯದು. ಅಕ್ಕ ಅದನ್ನು ಮುಟ್ಟದೆ, ತನ್ನ ಗೊಂಚಲಿನ ಕೀಲಿಯನ್ನು ಅದರ ಪಕ್ಕಕ್ಕೆ ಹಿಡಿದಳು. ಹಲ್ಲಿಗೆ ಹಲ್ಲು ಅದೇ.

“ಇದು ನಮ್ಮ ಮನೇದು” ಅಂದ ಅವನು, ಅದೇ ಮರ್ಯಾದೆಯ ಧ್ವನಿಯಲ್ಲಿ.

“ಹೌದಾ? ನಿಮ್ಮನೆ ನಾಯಿ ಬೊಗಳುತ್ತಾ?” ಅಂದಳು ಅಕ್ಕ.

ಕಂಡಕ್ಟರ್ ಜನರನ್ನು ಸರಿಸಿಕೊಂಡು ಬರುವಷ್ಟರಲ್ಲಿ ಬಸ್ಸು ಎಲ್ಲೋ ಕೆಂಪು ದೀಪಕ್ಕೆ ನಿಧಾನವಾಯಿತು. ಅವನು ಪತ್ರಿಕೆ, ಕೊಡೆ, ಅರ, ಕೀಲಿ ಎಲ್ಲವನ್ನೂ ಸೀಟಿನ ಮೇಲೇ ಬಿಟ್ಟು, ಖಾಲಿ ಚೀಲವನ್ನು ಮಾತ್ರ ಎದೆಗೆ ಒತ್ತಿಕೊಂಡು, ಹಿಂದಿನ ಬಾಗಿಲಿನಿಂದ ಇಳಿದುಹೋದ. ಓಡಲಿಲ್ಲ. ರಸ್ತೆ ದಾಟುವ ಮುಂಚೆ ಎರಡೂ ಕಡೆ ನೋಡಿದನಂತೆ.

ಠಾಣೆಯಲ್ಲಿ ಈ ಸಲ ಬರೆದುಕೊಂಡರು. ಹುಡುಕುತ್ತೇವೆ ಅಂದರು. ಸಂಜೆಯ ಹೊತ್ತಿಗೆ ನಾನು, ಅಕ್ಕ, ಬೀಗದ ಕೆಲಸದವರು ಒಬ್ಬರು, ಮೂವರೂ ಅವಳ ಬಾಗಿಲ ಮುಂದೆ ನಿಂತಿದ್ದೆವು. ಹಳೆಯ ಬೀಗ ಕೀಳುವ ಮೊದಲು ಅಕ್ಕ ಆ ಹಿತ್ತಾಳೆಯ ಕೀಲಿಯನ್ನು ಹಾಕಿ ನೋಡಬೇಕು ಅಂದಳು. ಠಾಣೆಯವರೂ ನೋಡಿ ಹೇಳಿ ಅಂದಿದ್ದರು. ಬೇಡ ಕಣಕ್ಕ ಅಂದೆ. ಹಾಕಿದಳು. ಒಂದೇ ಸಲಕ್ಕೆ ತಿರುಗಿತು. ನಿಲ್ಲಲಿಲ್ಲ, ತಡವರಿಸಲಿಲ್ಲ. ಭಾವನ ಕೈಗೂ ಅಷ್ಟು ಸಲೀಸಾಗಿ ತೆರೆಯದಿದ್ದ ಬಾಗಿಲು ಅದು.

ಬೀಗದವರು ಕೀಲಿಯನ್ನು ಬೆಳಕಿಗೆ ಹಿಡಿದು, “ಒಳ್ಳೇ ಕೆಲಸ” ಅಂದರು, ಮೆಚ್ಚಿಕೊಂಡು. ಆಮೇಲೆ ನಮ್ಮ ಮುಖ ನೋಡಿ ಧ್ವನಿ ತಗ್ಗಿಸಿದರು. “ಸವೆದ ಕೀಲಿ ನೋಡಿ ಮಾಡಿದ್ರೆ ಅದರ ಹಾಗೇ ಸಿಕ್ಕಿಕೊಳ್ತಿತ್ತು. ಇದನ್ನ ಬೀಗಕ್ಕೆ ಹಾಕಿ ನೋಡಿ, ಉಜ್ಜಿ, ಮತ್ತೆ ಹಾಕಿ ನೋಡಿದ್ದಾರೆ. ಸುಮಾರು ಸಲ ಬಂದಿರಬೇಕು ಇಲ್ಲಿಗೆ.”

ಅವರು ಹೊಸ ಬೀಗ ಕೂರಿಸುತ್ತಿದ್ದಾಗ ಅಕ್ಕ ಗೇಟಿನಲ್ಲಿ ಹಿಡಿಯುವಂಥದೇ ಒಂದು ಮರದ ಕಡ್ಡಿ ಹಿಡಿದು ಒಳಗೆ ಹೋದಳು. ಹೊದಿಕೆಯ ಮಡಿಕೆ ಎತ್ತಿದಳು, ಡಬ್ಬಗಳ ಹಿಂದೆ ನೋಡಿದಳು, ಭಾವನ ಕೋಟಿನ ಜೇಬನ್ನು ಕಡ್ಡಿಯ ತುದಿಯಿಂದ ಅಗಲಿಸಿದಳು. ಏನಾದರೂ ಹೋಗಿದೆಯಾ ಎಂದು ಕೇಳಿದೆ.

“ಏನೂ ಹೋಗಿಲ್ಲ. ಇಷ್ಟು ವರ್ಷ ಹೊರಗೆ ಹೋಗೋದನ್ನೇ ನೋಡ್ದೆ ಕಣೋ. ಒಳಗೆ ಬಂದಿದ್ದನ್ನ ಹೇಗೆ ಹುಡುಕೋದು, ಯಾರೂ ಹೇಳಿಕೊಟ್ಟಿಲ್ಲ.”

ಆಮೇಲೆ ಗಾಜಿನ ಚೀಲದಿಂದ ನಾಯಿಯ ಪಟ್ಟಿ ತೆಗೆದು ಗೂಟಕ್ಕೆ ಹಾಕಿ, ನಾಳೆ ನಿಜವಾದ ನಾಯಿ ನೋಡಿಕೊಂಡು ಬರೋಣ ಅಂದಳು. ಬೊಗಳುವ ನಾಯಿ ಕಚ್ಚುವುದಿಲ್ಲವಂತೆ ಎಂದು ನಾನು ನನ್ನ ಹಳೆಯ ಚಾಳಿಯಲ್ಲಿ ಹೇಳಿದೆ.

“ಬೊಗಳಿದ್ರೆ ಸಾಕು. ಕಚ್ಚೋಕೆ ನಾನಿದ್ದೀನಿ.”

ಅವಳು ಹೊಸ ಕೀಲಿಯನ್ನು ಕಣ್ಣು ಮುಚ್ಚಿ ಎರಡು ಸಲ ಮುಟ್ಟಿ ನೋಡಿ, ಮಣ್ಣಿನ ಬಣ್ಣದ ಚೀಲದ ಹೊರಜೇಬಿಗೆ ಇಳಿಸಿದಳು. ನಾಳೆಯಿಂದ ಅದೇ ಚೀಲ. ಹೆದರಿದ್ದೇನೆಂದು ಯಾರಿಗಾದರೂ ತಿಳಿಯುವುದಾದರೆ ತಿಳಿಯಲಿ ಅಂದಳು.

ನಾನು ಹೊರಡಲೆಂದು ಬಾಗಿಲಿಗೆ ಬಂದೆ. ನನ್ನ ಚಪ್ಪಲಿಗೆ ಕಾಲು ಹಾಕುವಾಗ ಪಕ್ಕದಲ್ಲಿದ್ದ ಆ ಹಳೆಯ ಜೋಡಿ ಕಣ್ಣಿಗೆ ಬಿತ್ತು. ಅಕ್ಕ ಇಟ್ಟಾಗ ಅದರ ಮೂತಿ ಗೋಡೆಗೆ ತಾಗಿತ್ತು. ಈಗ ಓಣಿಯ ಕಡೆ ತಿರುಗಿತ್ತು, ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ, ಮನೆಯ ಯಜಮಾನ ಬಿಟ್ಟ ಹಾಗೆ. ಚಪ್ಪಲಿಯ ಪಟ್ಟಿಯ ಮೇಲೆಲ್ಲ ಧೂಳಿತ್ತು. ಕಾಲು ಕೂರುವ ಜಾಗದಲ್ಲಿ ಮಾತ್ರ ಧೂಳಿರಲಿಲ್ಲ, ಯಾರೋ ಮೆಟ್ಟಿದ ಹಾಗೆ.

ನಾನು ಅದನ್ನು ಅಕ್ಕನಿಗೆ ಹೇಳಲಿಲ್ಲ. ಒಳಗೆ ಬಂದು, ಇವತ್ತೊಂದು ರಾತ್ರಿ ಇಲ್ಲೇ ಮಲಗುತ್ತೇನೆ, ನಾಯಿ ಬರುವ ತನಕ ಆ ಕೆಲಸ ನನಗಿರಲಿ ಅಂದೆ.

“ಹೆಂಡತಿ ಮುಂದೆ ಕುಂಯ್ ಅನ್ನದೋನು ಇಲ್ಲೇನು ಬೊಗಳ್ತೀಯೋ” ಅಂದಳು ಅಕ್ಕ. ಆದರೆ ಚಾಪೆ ತಂದು ಹಾಸಿದ್ದು ಬಾಗಿಲಿಗೆ ಅಡ್ಡಲಾಗಿ. ಅವಳೂ ಚಪ್ಪಲಿ ನೋಡಿದ್ದಳು.